ಮಾಯದ ಹುಣ್ಣು ಮತ್ತು ‘ಕಸಿ’ ಎಂಬ ಪದ

ಸಾಹಿತ್ಯದ ವಿದ್ಯಾರ್ಥಿಗೆ ಹುಣ್ಣಿನ ಚರಿತ್ರೆ ಯಾಕೆ ಅಂತ ನೀವು ಕೇಳಬಹುದು. ನನ್ನನ್ನು ಇಲ್ಲಿಗೆ ಎಳೆದು ತಂದದ್ದು ಒಂದು ಪದ: ಕಸಿ. ನಮ್ಮ ಕಾಸರಗೋಡಿನ ಕಡೆ ಕಸಿ ಮಾವು ಅಂದರೆ ಒಂದು ಗಿಡದ ಕೊಂಬೆ ಇನ್ನೊಂದರ ಬುಡದ ಮೇಲೆ ಕೂಡಿಕೊಂಡು ಬದುಕುವುದು. ಸಕ್ಕರೆ ಕಾಯಿಲೆಯವರ ಪಾದದ ಹುಣ್ಣಿಗೆ ಹಾಕುವ, ಪ್ರಯೋಗಾಲಯದಲ್ಲಿ ಬೆಳೆಸಿದ ಚರ್ಮಕ್ಕೂ ಈ ಪದ ಒಪ್ಪುತ್ತದೆಯೇ?

ಮೊದಲು ಹುಣ್ಣಿನ ಕಾರಣ ನೋಡೋಣ. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಪಾದಗಳನ್ನು ನೋಡುತ್ತಾ ಒಂದು ವಿಷಯ ಒತ್ತಿ ಹೇಳಿದರು: ಮಾಂಸ ತಾನಾಗಿ ಕೊಳೆಯುವುದಿಲ್ಲ, ನೋವು ಗೊತ್ತಾಗದ ಪಾದದ ಮೇಲೆ ಮತ್ತೆ ಮತ್ತೆ ಬೀಳುವ ಒತ್ತಡವೇ ಹುಣ್ಣು ಮಾಡುತ್ತದೆ. 1966ರಲ್ಲಿ ಅವರು ಅಮೆರಿಕದ ಕಾರ್ವಿಲ್‌ಗೆ ಹೋದ ಮೇಲೆ ಈ ತಿಳಿವಳಿಕೆ ಮಧುಮೇಹದ ಪಾದಕ್ಕೂ ಹಬ್ಬಿತು. ಅಂದರೆ ಮೊದಲ ಚಿಕಿತ್ಸೆ ಪಾದದ ಭಾರ ಇಳಿಸುವುದೇ.

ಇನ್ನೊಂದು ದಾರಿ ಚರ್ಮದ್ದು. 1975ರಲ್ಲಿ ರೈನ್‌ವಾಲ್ಡ್ ಮತ್ತು ಹೋವರ್ಡ್ ಗ್ರೀನ್ ಮನುಷ್ಯನ ಹೊರಚರ್ಮದ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸುವ ವಿಧಾನ ಪ್ರಕಟಿಸಿದರು. 1981ರಲ್ಲಿ ಯೂಜೀನ್ ಬೆಲ್ ತಂಡ ಕೊಲಾಜೆನ್ ಹಾಸಿನಲ್ಲಿ ಎರಡು ಪದರದ ಚರ್ಮ ರೂಪಿಸಿ ಇಲಿಗಳ ಮೇಲೆ ಪರೀಕ್ಷಿಸಿತು. ಅದೇ ಮುಂದೆ ‘ಆಪ್ಲಿಗ್ರಾಫ್’ ಆಯಿತು. ನವಜಾತ ಗಂಡುಮಕ್ಕಳ ಮುಂದೊಗಲಿನ ಕೋಶ, ದನದ ಕೊಲಾಜೆನ್ ಇದರ ಸಾಮಗ್ರಿ.

2001ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 208 ರೋಗಿಗಳಿದ್ದರು. 112 ಮಂದಿಗೆ ಈ ಚರ್ಮ, 96 ಮಂದಿಗೆ ಉಪ್ಪುನೀರಿನ ಗಾಜುಬಟ್ಟೆ. ಎರಡೂ ಗುಂಪಿಗೆ ಸತ್ತ ಮಾಂಸ ಕೆರೆದು ತೆಗೆಯುವುದು, ಭಾರ ಇಳಿಸುವುದು ಸಮಾನ. 12 ವಾರದಲ್ಲಿ ಪೂರ್ತಿ ಮಾಯ್ದದ್ದು ಶೇ. 56 ಮತ್ತು ಶೇ. 38. ವ್ಯತ್ಯಾಸ ನಿಜ. ಆದರೆ ಬರೀ ಗಾಜುಬಟ್ಟೆಯವರಲ್ಲೂ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಗುಣವಾದರಲ್ಲ! ಆರೈಕೆಯ ಶಕ್ತಿ ಅದು.

2003ರ ‘ಡರ್ಮಾಗ್ರಾಫ್’ ಪರೀಕ್ಷೆಯಲ್ಲಿ, ಆರು ವಾರಕ್ಕಿಂತ ಹಳೆಯ ಹುಣ್ಣಿದ್ದ 245 ಮಂದಿಯಲ್ಲಿ, ಅಂಕಿ ಶೇ. 30 ಮತ್ತು ಶೇ. 18. ಇಲ್ಲಿ ಚಿಕಿತ್ಸೆ ಪಡೆದವರ ಫಲ ಅಲ್ಲಿಯ ಗಾಜುಬಟ್ಟೆಯವರಿಗಿಂತಲೂ ಕಡಿಮೆ! ಹಾಗಂತ ಡರ್ಮಾಗ್ರಾಫ್ ಕೆಟ್ಟದ್ದು ಅನ್ನುವ ಹಾಗಿಲ್ಲ. ರೋಗಿಗಳು ಬೇರೆ, ಹುಣ್ಣು ಬೇರೆ. ಜೊತೆಗಿಟ್ಟ ಗುಂಪಿನೊಡನೆ ಹೋಲಿಸಿದರೆ ಮಾತ್ರ ಒಂದು ಅಂಕಿಗೆ ಅರ್ಥ. ಜಾಹೀರಾತು ಒಂದೇ ಅಂಕಿ ತೋರಿಸಿದರೆ ಇನ್ನೊಂದನ್ನು ಕೇಳಬೇಕು. ಜೊತೆಗೆ, ರಕ್ತ ಸರಿಯಾಗಿ ಹರಿಯದ ಕಾಲುಗಳನ್ನು ಇಂಥ ಪರೀಕ್ಷೆಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಕಾಲು ಕಳೆದುಕೊಳ್ಳುವ ಭಯ ಹೆಚ್ಚಿರುವುದೋ ಅವರಿಗೇ.

ಈಗ ಪದಕ್ಕೆ ಬರೋಣ. ಆಪ್ಲಿಗ್ರಾಫ್ ಹಾಕಿದ ಗಾಯಗಳನ್ನು ಆಮೇಲೆ ಪರೀಕ್ಷಿಸಿದಾಗ ದಾನಿಯ ಕೋಶಗಳು ಹೆಚ್ಚು ಕಾಲ ಉಳಿಯುವುದಿಲ್ಲವೆಂದು ಕಂಡುಬಂತು. ಅವು ಬೆಳವಣಿಗೆಯ ಸಂಕೇತ ಕೊಟ್ಟು ಹೋಗುತ್ತವೆ, ಹುಣ್ಣು ಮುಚ್ಚುವುದು ರೋಗಿಯ ಸ್ವಂತ ಚರ್ಮ. ಹಾಗಾಗಿ ಇದು ಮಾವಿನ ಕಸಿಯಲ್ಲ. ಹಾಲಿಗೆ ಹಾಕುವ ಹೆಪ್ಪಿಗೆ ಹತ್ತಿರ. ‘ಕಸಿ’ ಅಂದಾಗ ರೋಗಿ “ಹೊಸ ಚರ್ಮ ಕೂತಿತು, ಇನ್ನು ನಡೆಯಬಹುದು” ಅಂದುಕೊಂಡರೆ ಒತ್ತಡ ಮರಳುತ್ತದೆ, ಹುಣ್ಣೂ ಮರಳುತ್ತದೆ. ಒಪ್ಪಿಗೆ ಪತ್ರದ ಕನ್ನಡ ಬರೆಯುವವರು ನಾವೇ ಆಗಿರಬಹುದು. ಅಲ್ಲಿ ‘ಜೀವಂತ ಚರ್ಮದ ಹೊದಿಕೆ’ ಅನ್ನೋಣ ಎಂಬುದು ನನ್ನ ಸಲಹೆ. ಇದಕ್ಕಿಂತ ಒಳ್ಳೆಯ ಪದ ನಿಮ್ಮಲ್ಲಿದ್ದರೆ ಚರ್ಚೆಯಲ್ಲಿ ಹೇಳಿ.