ಉಳುಕು ತೆಗೆಯುವುದು: ಕೈಚಿಕಿತ್ಸೆಯ ಸುರಕ್ಷತೆಯ ಇತಿಹಾಸ

ಉಳುಕು ತೆಗೆಯುವುದು: ಬೆನ್ನು, ಗೋಣು, ಕೀಲುಗಳನ್ನು ಕೈಯಿಂದ ಒತ್ತಿ, ಎಳೆದು, ತಿರುವಿ ನೋವು ಕಳೆಯುವ ಪದ್ಧತಿ. ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿ, ಸುರೇಬಾನದ ಕಡೆ ‘ನಡಾ ಹಿಡದೈತಿ’ ಎಂದರೆ ಸಾಕು, ಯಾರ ಮನೆಗೆ ಹೋಗಬೇಕೆಂದು ಕೇಳಿದವರೇ ಹೇಳುತ್ತಾರೆ. ಕುಣಿಮಗ್ಗದಲ್ಲಿ ದಿನವಿಡೀ ಬಾಗಿ ಕೂರುವ, ಕಬ್ಬಿನ ಹೊರೆ ಎತ್ತುವ ಸೀಮೆಯಲ್ಲಿ ನಡುನೋವಿಗೇನೂ ಬರವಿಲ್ಲ.

ಈ ಭಾಗದಲ್ಲಿ ಈ ವಿದ್ಯೆ ಬೆಳೆದದ್ದು ಬಹುಮಟ್ಟಿಗೆ ಗರಡಿಮನೆಗಳಲ್ಲಿ. ಎದುರಾಳಿಯ ತೋಳನ್ನು ಎತ್ತ ತಿರುವಿದರೆ ಕೀಲು ಬಿಡುತ್ತದೆಂದು ಬಲ್ಲ ಪೈಲವಾನನಿಗೆ ಅದನ್ನು ಕೂಡಿಸಲೂ ಬರಬೇಕಿತ್ತು. ಮುರಿದ ಎಲುಬಿಗೆ ಬಿದಿರಿನ ದಬ್ಬೆ, ಮೊಟ್ಟೆಯ ಲೋಳೆ, ಬಟ್ಟೆಯ ಕಟ್ಟು. ಉಳುಕಿಗೆ ಬಿಸಿ ಎಣ್ಣೆ ಮತ್ತು ಹೆಬ್ಬೆರಳು. ಕಾಲು ಮುಂದಾಗಿ ಹುಟ್ಟಿದವರು ಬೆನ್ನು ತುಳಿದರೆ ಉಳುಕು ಬಿಡುತ್ತದೆ ಎಂಬ ನಂಬಿಕೆಯೂ ಇದೆ. ತುಳಿಯುವವರ ಹುಟ್ಟನ್ನು ವಿಚಾರಿಸುವ ಜನ ತುಳಿಸಿಕೊಳ್ಳುವವರ ಎಲುಬು ಎಷ್ಟು ಗಟ್ಟಿಯೆಂದು ವಿಚಾರಿಸಿದ್ದು ಕಡಿಮೆ.

ಅಮೆರಿಕದಲ್ಲಿ ಇದೇ ಬಗೆಯ ಕೆಲಸ ಕೈರೋಪ್ರಾಕ್ಟಿಕ್ ಎಂಬ ವೃತ್ತಿಯಾಯಿತು. ಅಯೋವಾದ ಡ್ಯಾವೆನ್‌ಪೋರ್ಟ್‌ನಲ್ಲಿ 1895ರಲ್ಲಿ ಡಿ. ಡಿ. ಪಾಮರ್, ಕಿವಿ ಮಂದವಾಗಿದ್ದ ಹಾರ್ವಿ ಲಿಲಾರ್ಡ್ ಎಂಬ ಕಟ್ಟಡ ಗುಡಿಸುವ ಕೆಲಸಗಾರನ ಬೆನ್ನುಮೂಳೆ ಒತ್ತಿ ಕಿವಿ ಕೇಳಿಸುವಂತೆ ಮಾಡಿದೆನೆಂದು ಹೇಳಿಕೊಂಡರು. 1897ರಲ್ಲಿ ಶಾಲೆ ತೆರೆದರು. 1906ರಲ್ಲಿ ಪರವಾನಗಿಯಿಲ್ಲದೆ ವೈದ್ಯ ಮಾಡಿದ್ದಕ್ಕೆ ಜೈಲಿಗೂ ಹೋದರು. ಆಗಿನ ಜಗಳವೆಲ್ಲ ಚಿಕಿತ್ಸೆ ನಿಜವೋ ಸುಳ್ಳೋ ಎಂಬುದರ ಮೇಲೆ. ಅದರಿಂದ ಪೆಟ್ಟಾದೀತೇ ಎಂಬ ಪ್ರಶ್ನೆ ತಡವಾಗಿ ಬಂತು. 1947ರಲ್ಲಿ ಪ್ರಾಟ್-ಥಾಮಸ್ ಮತ್ತು ಬರ್ಗರ್, ಕೈರೋಪ್ರಾಕ್ಟಿಕ್ ಚಿಕಿತ್ಸೆಯ ನಂತರ ಕಿರುಮಿದುಳಿಗೂ ಬೆನ್ನುಹುರಿಗೂ ಆದ ಗಾಯಗಳನ್ನು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ವರದಿ ಮಾಡಿದರು.

ಅಪಾಯ ಇರುವುದು ‘ಲಟಕ್’ ಎಂಬ ಸದ್ದಿನಲ್ಲಲ್ಲ. ಅದು ಕೀಲಿನ ದ್ರವದಲ್ಲಿ ಅನಿಲದ ಪೊಳ್ಳು ಉಂಟಾಗುವಾಗಿನ ಸದ್ದು, ಎಲುಬು ಜಾಗಕ್ಕೆ ಬಂದ ಸಾಕ್ಷಿಯೂ ಅಲ್ಲ. ಅಪಾಯ ಗೋಣನ್ನು ಸರ್ರನೆ ತಿರುವುವುದರಲ್ಲಿದೆ. ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ಧಮನಿಗಳು ಕತ್ತಿನ ಎಲುಬುಗಳ ರಂಧ್ರಗಳೊಳಗೆ ಹಾದು, ಎಲ್ಲಕ್ಕೂ ಮೇಲಿನ ಎಲುಬನ್ನು ಬಳಸಿಕೊಂಡು ತಲೆಬುರುಡೆ ಸೇರುತ್ತವೆ. ಎಳೆತಕ್ಕೆ ಧಮನಿಯ ಒಳಪದರ ಹರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋಗಿ ಲಕ್ವ ಹೊಡೆಯಬಹುದು. ತಲೆಸುತ್ತು, ವಾಂತಿ, ತೊದಲು, ಎರಡೆರಡು ಕಾಣುವುದು, ನಡೆದರೆ ಓಲಾಡುವುದು ಇದರ ಲಕ್ಷಣಗಳು. ನೋಡಿದವರು ಪಿತ್ತ ಎಂದುಬಿಡಬಹುದು.

ಇಂಥ ಲಕ್ವ ವಿರಳ. ಆದರೆ ಎಷ್ಟು ವಿರಳ ಎಂಬುದರ ಮೇಲೇ ವಾದ. ಕೆನಡಾದ ಒಂಟಾರಿಯೊದಲ್ಲಿ ಇಂಥ 818 ಲಕ್ವ ಪ್ರಕರಣಗಳನ್ನು ಪರಿಶೀಲಿಸಿದ 2008ರ ಅಧ್ಯಯನಕ್ಕೆ, ಕೈರೋಪ್ರಾಕ್ಟರ್ ಬಳಿ ಹೋದವರಲ್ಲೂ ಸಾಮಾನ್ಯ ವೈದ್ಯರ ಬಳಿ ಹೋದವರಲ್ಲೂ ಹೆಚ್ಚುಕಡಿಮೆ ಒಂದೇ ಬಗೆಯ ನಂಟು ಕಂಡಿತು. ಧಮನಿ ಮೊದಲೇ ಹರಿಯತೊಡಗಿ, ಆ ನೋವಿಗೇ ಅವರು ಚಿಕಿತ್ಸೆ ಅರಸಿ ಹೋಗಿರಬೇಕು ಎಂಬುದು ಅದರ ವಿವರಣೆ. ಹಾಗಿದ್ದರೂ ಹರಿಯುತ್ತಿರುವ ಧಮನಿಯನ್ನು ತಿರುವಿದರೆ ಒಳ್ಳೆಯದಾಗುವುದಿಲ್ಲವಲ್ಲ! ಗೋಣು ತಿರುವುವ ಮುನ್ನ ರೋಗಿಗೆ ಈ ನಂಟಿನ ವಿಷಯ ತಿಳಿಸಬೇಕೆಂದು 2014ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ ಕೈರೋಪ್ರಾಕ್ಟಿಕ್ ತರಬೇತಿ ಮತ್ತು ಸುರಕ್ಷತೆಗೆ 2005ರಲ್ಲೇ ಮಾರ್ಗಸೂಚಿ ಹೊರಡಿಸಿತ್ತು. ನಡುವನ್ನು ಒತ್ತುವುದರಲ್ಲಿ ಈ ಭಯ ಅಷ್ಟಿಲ್ಲ. ಒಂದೆರಡು ದಿನದ ಮೈಕೈ ನೋವೇ ಹೆಚ್ಚು.

ನಮ್ಮಲ್ಲಿ ಇನ್ನೊಂದು ತೊಡಕಿದೆ: ಬೆನ್ನುಮೂಳೆಯ ಕ್ಷಯ. ಸಂಜೆಯ ಜ್ವರ, ಇಳಿಯುವ ತೂಕ, ತಿಂಗಳುಗಟ್ಟಲೆ ಬಿಡದ ನಡುನೋವು ಇದ್ದವರನ್ನು ಕೌದಿಯ ಮೇಲೆ ಬೋರಲು ಮಲಗಿಸಿ ತುಳಿದರೆ, ಕ್ಷಯ ತಿಂದ ಎಲುಬು ಕುಸಿದು ಕಾಲುಗಳ ಬಲವೇ ಹೋದೀತು. ಮುಟ್ಟು ನಿಂತ ಹೆಂಗಸರ ಸವೆದ ಎಲುಬಿನದೂ ಇದೇ ಕಥೆ.

ಕರ್ನಾಟಕದಲ್ಲಿ ಗೋಣು ತಿರುವುವ ಅಪಾಯ ಸುದ್ದಿಯಾದದ್ದು ಕ್ಷೌರದಂಗಡಿಯಿಂದ. 2024ರಲ್ಲಿ ಬಳ್ಳಾರಿಯ 30 ವರ್ಷದ ಸ್ವಚ್ಛತಾ ಕೆಲಸಗಾರರೊಬ್ಬರು ತಲೆ ಮಾಲೀಸಿನ ಜೊತೆ ಗೋಣಿನ ಲಟಿಕೆಯನ್ನೂ ತೆಗೆಸಿಕೊಂಡರು. ಗದ್ದಕ್ಕೊಂದು ಕೈ, ನೆತ್ತಿಗೊಂದು ಕೈ, ಅರೆಕ್ಷಣದ ಕೆಲಸ. ಮಾತು ತೊದಲಿ ಎಡಭಾಗ ಸೋತಾಗ ಪರೀಕ್ಷಿಸಿದರೆ, ಕತ್ತಿನ ಮುಂಬದಿಯ ಧಮನಿ ಹರಿದಿತ್ತು. ಚೇತರಿಸಿಕೊಳ್ಳಲು ತಿಂಗಳುಗಳೇ ಹಿಡಿದವು. ಲಕ್ವ ಹೊಡೆದಾಗ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ರಾಮದುರ್ಗದಿಂದ ಬೆಳಗಾವಿಯ ದೊಡ್ಡಾಸ್ಪತ್ರೆಗೆ ನೂರು ಕಿಲೋಮೀಟರಿನ ಆಸುಪಾಸು ದಾರಿ.

ಮಾನ್ಯ ಅರ್ಹತೆಯಿಲ್ಲದ ಪಾರಂಪರಿಕ ವೈದ್ಯರು ವೈದ್ಯವೃತ್ತಿ ನಡೆಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಕೇರಳದ ಪ್ರಕರಣವೊಂದರಲ್ಲಿ ತೀರ್ಪಿತ್ತಿತು. ಆದರೆ ಇಂಥ ಚಿಕಿತ್ಸೆಯಿಂದ ಎಷ್ಟು ಜನರಿಗೆ ಪೆಟ್ಟಾಯಿತೆಂದು ಎಣಿಸುವುದು ಕಷ್ಟ. ಒಂಟಾರಿಯೊದಲ್ಲಿ ಒಂದೊಂದು ಭೇಟಿಗೂ ವಿಮೆಯ ಬಿಲ್ಲು ಇತ್ತು, ಅದಕ್ಕೇ ಪ್ರಕರಣಗಳನ್ನು ಎಣಿಸಲು ಸಾಧ್ಯವಾಯಿತು. ಉಳುಕು ತೆಗೆದವರ ಕೈಗೆ ಇಲ್ಲಿ ಸೇರುವುದು ಎಲೆ-ಅಡಿಕೆ, ತೆಂಗಿನಕಾಯಿ, ಕೊಟ್ಟಷ್ಟು ದುಡ್ಡು. ಅದಕ್ಕೆ ರಸೀದಿ ಹರಿಯುವ ರೂಢಿಯಿಲ್ಲ.