ಎಲಿಯಟ್ ಸಾಹೇಬನ ಯಾದಿಯೂ ನಮ್ಮ ಕೆರೆಯ ಹುಳವೂ

ಕಿತ್ತೂರಿನ ಕಥೆಯನ್ನು ಹೇಳುವಾಗ ನಾವೆಲ್ಲರೂ ಥ್ಯಾಕರೆ ಬಿದ್ದನೆಂಬಲ್ಲಿ ಒಂದಿಷ್ಟು ನಿಂತು, ಎದೆಯುಬ್ಬಿಸಿ, ಎಲಿಯಟ್ ಹಾಗೂ ಸ್ಟೀವನ್‌ಸನ್ ಎಂಬ ಇಬ್ಬರು ಆಂಗ್ಲರು ಸೆರೆಸಿಕ್ಕರೆಂಬದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಂದಕ್ಕೆ ಸಾಗಿಬಿಡುತ್ತೇವೆ. ೧೮೨೪ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಸೆರೆಸಿಕ್ಕು, ಡಿಸೆಂಬರಿನ ಮೊದಲಿಗೆ ಬಿಡುಗಡೆಯಾದ ಆ ವಾಲ್ಟರ್ ಎಲಿಯಟ್ ಆಗ ಇಪ್ಪತ್ತೊಂದು ವರ್ಷದ ಹುಡುಗ. ರಾಣಿ ಚೆನ್ನಮ್ಮನು ಅವನನ್ನು ಜೀವಸಹಿತ ಬಿಟ್ಟುಕೊಟ್ಟದ್ದರಿಂದ ಕನ್ನಡ ನಾಡಿಗೆ ಆದ ಲಾಭವನ್ನು ಯಾರೂ ಲೆಕ್ಕ ಹಾಕಿದಂತೆ ಕಾಣುವದಿಲ್ಲ. ಅವನು ೧೮೩೩ರ ವರೆಗೆ ಈ ಸೀಮೆಯಲ್ಲಿಯೇ ಉಳಿದು, ಗುಡಿ ಗುಂಡಾರಗಳ ಶಾಸನಗಳನ್ನು ನೂರುಗಟ್ಟಲೆ ನಕಲು ಮಾಡಿಸಿದನು. ೧೮೩೭ರಲ್ಲಿ ಅವುಗಳ ಆಧಾರದಿಂದ ಚಾಲುಕ್ಯರ ವಂಶಾವಳಿಯನ್ನು ಲೋಕಕ್ಕೆ ತಿಳಿಸಿದನು. ಇದು ಇತಿಹಾಸದ ವಿದ್ಯಾರ್ಥಿಗಳಿಗೆ ಗೊತ್ತಿದ್ದ ಸಂಗತಿಯೇ. ಆದರೆ ನಾನು ಎಲಿಯಟ್‌ನ ಬಳಿಗೆ ಹೋದದ್ದು ಶಾಸನಕ್ಕಾಗಿ ಅಲ್ಲ. ನೀರಿನಲ್ಲಿರುವ ಒಂದು ಕಪ್ಪು ಹುಳದ ಸಲುವಾಗಿ.

ಹುಳದ ಮಾತು ಆಮೇಲೆ. ಎಲಿಯಟ್ ೧೮೩೯ರಲ್ಲಿ ಮದರಾಸಿನ ಒಂದು ಪಂಡಿತ ಪತ್ರಿಕೆಯಲ್ಲಿ ‘ದಕ್ಷಿಣ ಮರಾಠಾ ಸೀಮೆ’ಯ ಸಸ್ತನಿ ಪ್ರಾಣಿಗಳ ಯಾದಿಯೊಂದನ್ನು ಅಚ್ಚು ಹಾಕಿಸಿದನು. (ಅಚ್ಚ ಕನ್ನಡದ ಧಾರವಾಡಕ್ಕೆ ಈ ಮರಾಠಾ ಎಂಬ ಹೆಸರನ್ನು ಅಂಟಿಸಿದ್ದಕ್ಕೆ ನಮಗೆ ಬರಬೇಕಾದ ಸಿಟ್ಟು ಬಂದೇ ಬರುತ್ತದೆ, ಅದನ್ನು ಈ ಹೊತ್ತಿಗೆ ನುಂಗಿಕೊಳ್ಳೋಣ.) ಆ ಯಾದಿಯ ಗುಣವೆಂದರೆ, ಪ್ರಾಣಿಯ ಲ್ಯಾಟಿನ್ ಹೆಸರಿನೊಡನೆ ಇಲ್ಲಿಯ ಒಕ್ಕಲಿಗನೂ ವಡ್ಡರವನೂ ಅದನ್ನು ಏನೆಂದು ಕರೆಯುತ್ತಾರೆಂಬದನ್ನು ಬರೆದಿರುವದು. ಎರೆಹೊಲದ ಒಂದು ಮೆತ್ತನ್ನ ಕೂದಲಿನ ಇಲಿಗೆ ವಡ್ಡರು ‘ಮೆಟ್ಟಾಡೆ’ ಎನ್ನುವರೆಂದು ಅವನು ಕೇಳಿ ಬರೆದುಕೊಂಡನು. ಧಾರವಾಡದಿಂದ ಹೋದ ಆ ಇಲಿಯನ್ನು ಕಂಡು ಲಂಡನ್ನಿನ ಗ್ರೇ ಎಂಬವನು ೧೮೩೭ರಲ್ಲಿ ‘ಮೆಲ್ಟಾಡಾ’ ಎಂದೇ ಹೆಸರಿಟ್ಟನು. ಇಂದಿಗೂ ಜಗತ್ತಿನ ಪ್ರಾಣಿಶಾಸ್ತ್ರದಲ್ಲಿ ಅದು ‘ಮಿಲ್ಲಾರ್ಡಿಯಾ ಮೆಲ್ಟಾಡಾ’. ನಮ್ಮ ಹೊಲದ ಬದುವಿನ ಮೇಲೆ ನಿಂತು ವಡ್ಡರವನೊಬ್ಬ ಆಡಿದ ಮಾತು ಹೀಗೆ ಶಾಸ್ತ್ರದೊಳಗೆ ಸೇರಿ ಕುಳಿತಿದೆ.

ಈ ಇಲಿಯ ಬಗ್ಗೆ ಎಲಿಯಟ್ ಬರೆದದ್ದು ಬರಿಯ ಹೆಸರಿನ ಮಾತಲ್ಲ. ಬೇಸಿಗೆಯಲ್ಲಿ ಎರೆಭೂಮಿ ಬಿರಿದಾಗ ಆ ಬಿರುಕುಗಳೇ ಅವುಗಳ ಮನೆ. ಮುಂಗಾರು ಬಿದ್ದೊಡನೆ ಬಿರುಕು ಮುಚ್ಚಿ ಅವು ಸಾವಿರಗಟ್ಟಲೆ ಸಾಯುವವು. ೧೮೨೬ರಲ್ಲಿ ಮೊದಲಿನ ಮಳೆ ಕೈಕೊಟ್ಟಿತು. ಬಿರುಕು ಮುಚ್ಚಲಿಲ್ಲ, ಇಲಿ ಸಾಯಲಿಲ್ಲ. ಬಿತ್ತಿದ ಬೀಜವನ್ನು ತಿಂದವು; ಉಳಿದು ಬೆಳೆದ ಜೋಳದ ದಂಟನ್ನು ಹತ್ತಿ ತೆನೆ ಕಡಿದವು. ರೈತರು ತೆರಿಗೆ ಕೊಡಲಾರದೆ ಹೋದರು. ಇಷ್ಟು ಡಜನ್ ಇಲಿಗೆ ಇಷ್ಟು ಕಾಳು ಎಂದು ವಡ್ಡರಿಗೆ ಅಳೆದು ಕೊಟ್ಟು ಕೊಲ್ಲಿಸಿದರೂ ಅವುಗಳ ಸಂಖ್ಯೆ ಇಳಿಯಲಿಲ್ಲ. ನವಲಗುಂದ, ಅಣ್ಣಿಗೇರಿಯ ಕಡೆಯ ಯಾವ ಹಿರಿಯನಿಗಾದರೂ ಇದನ್ನು ಓದಿ ತೋರಿಸಿದರೆ ‘ಖರೆ’ ಎಂದಾನು. ಒಂದು ಯಾದಿಗೆ ಇಷ್ಟು ಜೀವ ಇರಬಲ್ಲದೆಂದು ನನಗೆ ಮೊದಲು ತಿಳಿದದ್ದು ಇಲ್ಲಿಯೇ.

ಇಂಥ ಯಾದಿ ನೀರಿನ ಹುಳಗಳಿಗೆ ಏಕೆ ಆಗಲಿಲ್ಲ? ಹುಳ ಹಿಡಿಯುವ ಸಾಹೇಬರು ನಮ್ಮಲ್ಲಿಗೆ ಬರಲಿಲ್ಲವೆಂದಲ್ಲ. ಬಂದರು, ಆದರೆ ಘಟ್ಟ ಇಳಿದು ಹೋದರು. ಉಪ್ಪು ಮತ್ತು ಜಕಾತಿ ಖಾತೆಯ ಐಟ್ಕನ್, ಕಾನಡಾ ಜಿಲ್ಲೆಯ ಕಲೆಕ್ಟರ ಡೇವಿಡ್‌ಸನ್, ಅರಣ್ಯ ಖಾತೆಯ ಬೆಲ್ – ಈ ಮೂವರು ಕಾರವಾರದ ಕಾಡಿನಲ್ಲಿ ಪಾತರಗಿತ್ತಿಯ ಕಂಬಳಿಹುಳಗಳನ್ನು ಸಾಕಿ, ೧೮೯೦ರಿಂದ ಮುಂಬಯಿಯ ನಿಸರ್ಗ ಸಂಘದ ಪತ್ರಿಕೆಯಲ್ಲಿ ಬರೆದದ್ದು ಇಂದಿಗೂ ಆಧಾರ ಗ್ರಂಥದಂತಿದೆ. ಬೆಲ್ಲನಂತೂ ನಿವೃತ್ತನಾದ ಮೇಲೆ ವಿಲಾಯತಿಗೆ ಹೋಗದೆ ಕಾರವಾರದಲ್ಲಿಯೇ ಉಳಿದು, ೧೯೪೮ರಲ್ಲಿ ಅಲ್ಲಿಯೇ ತೀರಿಕೊಂಡನು. ಪಾತರಗಿತ್ತಿ ಮುಗಿದ ಮೇಲೆ ದುಂಬಿಗಳನ್ನೂ ಹುಲ್ಲುಗಳನ್ನೂ ಕೂಡಿಸಿದನು. ಇವರ ಶ್ರಮಕ್ಕೆ ನನ್ನ ನಮಸ್ಕಾರವಿದೆ. ಆದರೆ ಕಾಡು ಇದ್ದಲ್ಲಿ ಮಾತ್ರ ನಿಸರ್ಗವಿದೆ, ಜೋಳದ ಬಯಲಿನಲ್ಲಿ ಏನೂ ಇಲ್ಲ ಎಂಬ ಒಂದು ತಿಳಿವಳಿಕೆ ಅಂದಿನಿಂದಲೇ ಬೇರೂರಿತೆಂದು ತೋರುತ್ತದೆ. ಕಲಘಟಗಿಯ ಭತ್ತದ ಗದ್ದೆಯ ವರೆಗೆ ಒಂದು ವೇಳೆ ಬಂದಾರು. ಬೆಣ್ಣಿಹಳ್ಳ ದಾಟಿ ನವಲಗುಂದಕ್ಕೆ ಯಾಕೆ ಬಂದಾರು?

ಈಗ ಹುಳದ ಮಾತು. ಕೆರೆಯ ದಂಡೆಯಲ್ಲಿ, ಪಾಚಿಯ ನಡುವೆ, ಒಂದೂವರೆ ಅಂಗುಲ ಉದ್ದದ, ಎಣ್ಣೆ ಹಚ್ಚಿದಂತೆ ಮಿರುಗುವ ಕರಿಯ ಜೀರುಂಡೆಯನ್ನು ನೀವು ಕಂಡಿರಬಹುದು. ಮಳೆಗಾಲದ ರಾತ್ರಿ ಬಸ್‌ನಿಲ್ದಾಣದ ದೀಪಕ್ಕೆ ಬಡಿದು ಬಿದ್ದು, ಅಂಗಾತವಾಗಿ ಕಾಲು ಬಡಿಯುವದೂ ಇದೇ. ಶಾಸ್ತ್ರದಲ್ಲಿ ಇದಕ್ಕೆ ‘ಹೈಡ್ರೋಫಿಲಸ್’ ಎನ್ನುವರು. ನೀರನ್ನು ಪ್ರೀತಿಸುವದು ಎಂದರ್ಥ. ಇದರ ಕುಲದಲ್ಲಿ ೩,೦೦೦ಕ್ಕೂ ಮಿಕ್ಕಿದ ಜಾತಿಗಳಿವೆ. ಎಳ್ಳುಕಾಳಿನಷ್ಟು ಸಣ್ಣವೂ ಇವೆ, ಕೆರೆಯನ್ನು ಬಿಟ್ಟು ಸೆಗಣಿಯಲ್ಲಿ ಸಂಸಾರ ಹೂಡಿದವೂ ಇವೆ. ಬೆಳೆದ ಹುಳಗಳಲ್ಲಿ ಹೆಚ್ಚಿನವು ಕೊಳೆತ ಎಲೆ, ಪಾಚಿ ಮುಂತಾದವನ್ನು ತಿಂದು ಬದುಕುವದರಿಂದ ಇವನ್ನು ಕೆರೆಯ ಕಸ ಗುಡಿಸುವವರೆಂದು ಕರೆಯಬಹುದು. ಮರಿಗಳು ಮಾತ್ರ ಅಪ್ಪಟ ಬೇಟೆಗಾರರು. ದೊಡ್ಡ ಜಾತಿಯ ಮರಿಗಳಿಗೆ ಬಸವನಹುಳವೆಂದರೆ ಪಂಚಪ್ರಾಣ.

ಇದೇ ಕೆರೆಯಲ್ಲಿ ಇದೇ ಬಣ್ಣದ ಇನ್ನೊಂದು ಕುಲವಿದೆ. ಅದು ಮುಳುಗುವ ಬೇಟೆಯ ದುಂಬಿ. ಎರಡನ್ನೂ ಒಂದೇ ಎಂದು ತಿಳಿಯುವವರೇ ಬಹಳ, ನಾನೂ ಅವರಲ್ಲೊಬ್ಬನಾಗಿದ್ದೆ. ಗುರುತು ಕಷ್ಟದ್ದಲ್ಲ. ಬೇಟೆಯ ದುಂಬಿ ಹಿಂಗಾಲುಗಳೆರಡನ್ನೂ ಒಮ್ಮೆಗೇ ಹುಟ್ಟಿನಂತೆ ಹಾಕಿ ಬಾಣದಂತೆ ಹೋಗುವದು. ನಮ್ಮ ಹುಳ ಒಂದಾದ ಮೇಲೊಂದು ಕಾಲು ಆಡಿಸುತ್ತ, ನೀರಿನಲ್ಲಿಯೂ ನಡೆದೇ ಹೋಗುವದು. ಬೇಟೆಯದು ಉಸಿರಿಗಾಗಿ ಬಾಲವನ್ನು ಮೇಲೆತ್ತುವದು. ಇದು ತಲೆಯನ್ನು ಮೇಲೆ ತಂದು, ಗದೆಯಂಥ ಕುಡಿಮೀಸೆಯಿಂದ ನೀರಿನ ಪೊರೆಯನ್ನು ಹರಿದು, ಗಾಳಿಯನ್ನು ಹೊಟ್ಟೆಯ ಕೆಳಗೆ ಹಾಸಿಕೊಳ್ಳುವದು. ಆ ಗಾಳಿಯ ಹಾಸಿಗೆಯಿಂದ ಅದರ ಹೊಟ್ಟೆ ನೀರೊಳಗೆ ಬೆಳ್ಳಿಯ ತಗಡಿನಂತೆ ಕಾಣುತ್ತದೆ. ಮೀಸೆಯೆಲ್ಲ ಉಸಿರಾಟಕ್ಕೆ ಹೋದದ್ದರಿಂದ, ತಡವಿ ನೋಡುವ ಕೆಲಸವನ್ನು ಬಾಯಿಯ ಬದಿಯ ಉದ್ದನ್ನ ಎಳೆಗಳು ಮಾಡುತ್ತವೆ. ಕೈಯಲ್ಲಿ ಹಿಡಿದರೆ ಎದೆಯ ಕೆಳಗಿನ ಮುಳ್ಳು ಚುಚ್ಚುತ್ತದೆ; ಇದನ್ನು ನಾನು ಪುಸ್ತಕದಿಂದ ಕಲಿಯಬೇಕಾಗಲಿಲ್ಲ.

ಕುಲ ಗುರುತಿಸುವದು ಇಷ್ಟು ಸುಲಭವಾದರೆ ಜಾತಿ ಗುರುತಿಸುವದು ಅಷ್ಟೇ ಕಠಿಣ. ಲಿನೇಯಸ್‌ನ ಶಿಷ್ಯ ಫ್ಯಾಬ್ರೀಶಿಯಸ್ ೧೭೮೧ರಿಂದ ೧೮೦೧ರ ವರೆಗೆ ನಮ್ಮ ದೇಶದ ಹಲವು ನೀರಹುಳಗಳಿಗೆ ನಾಮಕರಣ ಮಾಡಿದನು. ಅವನು ಹಿಂದೂಸ್ಥಾನದ ನೆಲವನ್ನು ಮೆಟ್ಟಿದವನಲ್ಲ. ಡೇನಿಶ್ ಜನರ ವಸಾಹತಾಗಿದ್ದ ತರಂಗಂಬಾಡಿಯಂಥ ರೇವುಗಳಿಂದ ಹುಳಗಳು ಹಡಗಿನಲ್ಲಿ ಹೋಗುತ್ತಿದ್ದವು. ಆ ಕಾಲದ ಗ್ರಂಥಗಳಲ್ಲಿ ಹುಳದ ಊರನ್ನು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ‘ಇಂಡಿಯಾ’ ಎಂಬದೊಂದೇ. ಮುಂದೆ ‘ಬ್ರಿಟಿಶ್ ಇಂಡಿಯಾದ ಪ್ರಾಣಿಸಂಪತ್ತು’ ಎಂಬ ಗ್ರಂಥಮಾಲೆ ೧೮೮೮ರಿಂದ ಹೊರಬರತೊಡಗಿ, ದುಂಬಿಗಳಿಗಾಗಿಯೇ ಹಲವು ಸಂಪುಟಗಳು ಆದರೂ ಈ ಕುಲಕ್ಕೆ ಒಂದೂ ಸಿಗಲಿಲ್ಲ. ಆ ಕೊರತೆಯನ್ನು ಒಂದಿಷ್ಟು ತುಂಬಿದವನು ಬೆಲ್ಜಿಯಮ್ಮಿನ ಆರ್ಮಾಂಡ್ ಡಾರ್ಶಿಮಾಂ. ೧೯೨೮ರಲ್ಲಿ ಕಲಕತ್ತೆಯಿಂದ ಪ್ರಕಟವಾದ ಇವನ ಯಾದಿಯೇ ಬಹು ದಿನ ದಾರಿದೀಪವಾಗಿತ್ತು. ಹೊರಗಿನಿಂದ ಅವಳಿಜವಳಿಯಂತೆ ಕಾಣುವ ಹುಳಗಳನ್ನು ಈಗ ಗಂಡುಹುಳದ ಜನನಾಂಗವನ್ನು ಬಿಡಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟೇ ಬೇರ್ಪಡಿಸುತ್ತಾರೆ. ಪುಣೆಯ ವಿದ್ವಾಂಸರು ಯೂರೋಪಿನವರೊಡನೆ ಕೂಡಿ ಸಹ್ಯಾದ್ರಿಯ ಹುಳಗಳ ಮೇಲೆ ಈಚೆಗೆ ಒಳ್ಳೆಯ ಕೆಲಸ ಮಾಡಿದ್ದಾರೆ.

ಹೆಸರಿಟ್ಟ ಮಾತ್ರಕ್ಕೆ ಹುಳ ತಿಳಿದಂತಾಗಲಿಲ್ಲ. ಫ್ಯಾಬ್ರೀಶಿಯಸ್ ೧೮೦೧ರಲ್ಲಿ ಹೆಸರಿಸಿದ ಒಂದು ಪುಟ್ಟ ಹುಳ – ಈಗಿನ ಹೆಸರು ‘ರೆಜಿಂಬಾರ್ಟಿಯಾ ಅಟೆನ್ಯುಯೇಟಾ’ – ಹಿಂದೂಸ್ಥಾನದಿಂದ ಜಪಾನಿನ ವರೆಗೆ ಹಬ್ಬಿದೆ. ೨೦೨೦ರಲ್ಲಿ ಜಪಾನಿನ ಸುಗಿಯುರಾ ಎಂಬವರು ಇದನ್ನು ಕಪ್ಪೆಗೆ ತಿನ್ನಿಸಿ ನೋಡಿದರು. ಕಪ್ಪೆ ನುಂಗಿತು. ಹುಳ ಸಾಯಲಿಲ್ಲ, ಕರುಳಿನುದ್ದಕ್ಕೂ ನಡೆದು, ಹಿಂಬಾಗಿಲಿನಿಂದ ಜೀವಂತವಾಗಿ ಹೊರಬಿದ್ದಿತು. ಎಲ್ಲಕ್ಕಿಂತ ಚುರುಕಾದದ್ದಕ್ಕೆ ಬೇಕಾದದ್ದು ಕೇವಲ ಆರು ನಿಮಿಷ! ಇನ್ನೂರು ವರ್ಷ ಹೆಸರು ಹೊತ್ತುಕೊಂಡಿದ್ದ ಹುಳದ ಈ ಪವಾಡವನ್ನು ಅಲ್ಲಿಯ ವರೆಗೆ ಯಾರೂ ವರದಿ ಮಾಡಿರಲಿಲ್ಲ.

ಇನ್ನು ನನ್ನ ತಪ್ಪೊಂದನ್ನು ಹೇಳಬೇಕು. ಹರೆಯದಲ್ಲಿ ನಾನು ಕುಂದಗೋಳ, ನವಲಗುಂದ, ಕಲಘಟಗಿಗಳನ್ನು ಸುತ್ತುವಾಗ ಸಿಕ್ಕಸಿಕ್ಕ ನೀರಹುಳಗಳನ್ನು ಸ್ಪಿರಿಟ್ಟಿನ ಒಂದೇ ಬಾಟಲಿಯಲ್ಲಿ ಹಾಕುತ್ತಿದ್ದೆ. ಯಾವದು ಎಲ್ಲಿಯದು ಎಂಬದು ನೆನಪಿನಲ್ಲಿರುತ್ತದೆ ಎಂಬ ಧೈರ್ಯ. ಹಲವು ವರ್ಷಗಳ ಮೇಲೆ ತಿಳಿದವರೊಬ್ಬರಿಗೆ ಅದನ್ನು ಹೆಮ್ಮೆಯಿಂದ ತೋರಿಸಿದೆ. ಅವರು ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿ, ‘ಚೀಟಿ ಎಲ್ಲೈತ್ರೀ?’ ಎಂದು ಕೇಳಿದರು. ಊರು, ದಿನಾಂಕ, ಹಿಡಿದವರ ಹೆಸರು ಇಲ್ಲದ ಹುಳ ಸತ್ತ ಹುಳವಷ್ಟೇ, ಅದು ಸಾಕ್ಷಿಯಾಗದು. ಶಾಸನದ ಕಲ್ಲನ್ನು ಗುಡಿಯಿಂದ ಕಿತ್ತು ತಂದು, ಯಾವ ಗುಡಿಯದೆಂದು ಮರೆತವನ ಹಾಗೆ ಆಗಿತ್ತು ನನ್ನ ಸ್ಥಿತಿ.

ಆ ಬಾಟಲಿಯ ಹುಳಗಳಲ್ಲಿ ಕೆಲವು ಮಲಪ್ರಭೆಯ ಕಾಲುವೆ ಬರುವ ಮುಂಚಿನವು ಎಂಬದೇ ನನ್ನನ್ನು ಇಂದಿಗೂ ಕುಟುಕುತ್ತದೆ. ಸವಳು ಬಾವಿಗಳ ನವಲಗುಂದದಲ್ಲಿ ಆಗ ಸಿಹಿನೀರೆಂದರೆ ಕೆರೆಯ ನೀರು. ನವಿಲುತೀರ್ಥದ ಅಣೆಕಟ್ಟು ೧೯೭೨ರಲ್ಲಿ ಮುಗಿದು, ಬಯಲಿಗೆ ನೀರು ಹರಿಯಿತು. ಆ ನೀರಿನ ತೆರಿಗೆಗಾಗಿ ೧೯೮೦ರಲ್ಲಿ ರೈತರು ಗುಂಡಿಗೆ ಎದೆಯೊಡ್ಡಿದರು. ೨೦೧೪ರಿಂದ ಕೃಷಿಭಾಗ್ಯದ ಹೊಂಡಗಳು ಬಂದವು. ನೀರಿನ ಇತಿಹಾಸ ಹೀಗೆ ಮೂರು ಸಲ ಮಗ್ಗಲು ಬದಲಿಸಿತು. ನೀರಿನ ಜೊತೆಗೆ ಹುಳವೂ ಬದಲಾಯಿತೇ? ಕಲಘಟಗಿಯ ಗದ್ದೆಯಲ್ಲಿದ್ದದ್ದು ಹಾರಿ ಅಣ್ಣಿಗೇರಿಯ ಹೊಂಡಕ್ಕೆ ಬಂದಿತೇ? ಹೂಳು ತುಂಬಿದ ಕೆರೆಯೊಡನೆ ಯಾವದಾದರೂ ಅಳಿದು ಹೋಯಿತೇ? ಉತ್ತರ ಹೇಳಬಹುದಾಗಿದ್ದ ಸಾಕ್ಷಿಗಳನ್ನು ನಾನೇ ಕೈಯಾರೆ ಮೂಕವಾಗಿಸಿದ್ದೆ.

ಕಳೆದ ಮಳೆಗಾಲದಲ್ಲಿ ಅಣ್ಣಿಗೇರಿಯ ಸಮೀಪದ ಹೊಲವೊಂದರ ಹೊಂಡಕ್ಕೆ ಸಣ್ಣ ಬಲೆ, ಪೆನ್ಸಿಲ್ಲು, ಚೀಟಿ ಹಿಡಿದುಕೊಂಡು ಹೋಗಿದ್ದೆ. ಹೊಲದ ಯಜಮಾನರು ಬದುವಿನ ಮೇಲೆ ಕುಳಿತು ನೋಡುತ್ತಿದ್ದರು. ಇದಕ್ಕೆ ನಿಮ್ಮ ಕಡೆ ಏನೆನ್ನುವರೆಂದು ಎಲಿಯಟ್‌ನಂತೆ ನಾನೂ ಕೇಳಿದೆ.

‘ಏನಂತಾರ್ರೀ, ನೀರಾಗಿನ ಹುಳಾ ಅಂತಾರ. ಹುಳಕ್ಕ ಚೀಟಿ ಯಾಕ್ರೀ ಮಾಸ್ತರ?’

ಯಾವ ಹೊಂಡದ್ದೆಂದು ಮುಂದಿನವರಿಗೆ ತಿಳಿಯಲೆಂದು ಹೇಳಿ, ಊರಿನ ಹೆಸರನ್ನೂ ತಾರೀಖನ್ನೂ ಬರೆದು ತೋರಿಸಿದೆ. ಅವರು ಓದಿ ತಲೆಯಾಡಿಸಿದರು.

‘ಬರೇ ಊರ ಹೆಸರ ಬರದರ ಹೆಂಗ ತಿಳೀಬೇಕ್ರೀ? ಊರಾಗ ಹೊಂಡ ಏನ್ ಇದೊಂದ ಐತೇನು? ಸರ್ವೇ ನಂಬರ ಹಾಕ್ರಿ.’

ಚೀಟಿಯಲ್ಲಿ ಜಾಗ ಉಳಿದಿರಲಿಲ್ಲ. ಹಿಂಬದಿಗೆ ಬರೆದುಕೊಂಡೆ.