ಎಳೆಯುವ ಬಲ, ಹೊರುವ ಬಲ

1947ರಲ್ಲಿ ಅಮೆರಿಕದಲ್ಲಿ ತೆಗೆದ ಒಂದು ಛಾಯಾಚಿತ್ರವಿದೆ. ಒಬ್ಬ ಮನುಷ್ಯ ಸೈಕಲ್ ತುಳಿಯುತ್ತಿದ್ದಾನೆ. ಸೈಕಲ್ಲಿನ ಹಿಂದೆ ಬೆಳ್ಳಿಯಂತೆ ಹೊಳೆಯುವ ಅಲ್ಯೂಮಿನಿಯಮ್ಮಿನ ಒಂದು ಗಾಲಿಮನೆ ಬರುತ್ತಿದೆ. ತುಳಿಯುತ್ತಿರುವಾತ ಫ್ರಾನ್ಸಿನ ಸೈಕಲ್ ಪಟು ಆಲ್‌ಫ್ರೆಡ್ ಲೆಟೂರ್ನರ್. 1941ರಲ್ಲಿ, ಮುಂದೆ ಓಡುತ್ತಿದ್ದ ಕಾರಿನ ಮರೆಯಲ್ಲಿ, ಗಂಟೆಗೆ ಸುಮಾರು 175 ಕಿ.ಮೀ. ವೇಗ ಮುಟ್ಟಿ ದಾಖಲೆ ಮಾಡಿದ್ದವನು. ಗಾಲಿಮನೆ ಏರ್‌ಸ್ಟ್ರೀಮ್ ಕಂಪನಿಯದು. ನಮ್ಮ ಟ್ರೈಲರ್ ಎಷ್ಟು ಹಗುರ ನೋಡಿ, ಸೈಕಲ್ಲೇ ಸಾಕು ಎಂಬುದು ಜಾಹೀರಾತಿನ ಸಾರ.

ಚಿತ್ರದಲ್ಲಿ ಮೋಸವಿಲ್ಲ. ಸಮತಟ್ಟಾದ ನೆಲದಲ್ಲಿ, ಒಳ್ಳೆಯ ಬೇರಿಂಗುಳ್ಳ ಗಾಲಿಗಳ ಮೇಲಿರುವ ವಸ್ತುವನ್ನು ನಿಧಾನವಾಗಿ ಉರುಳಿಸಲು ಬೇಕಾಗುವ ಬಲ ಅದರ ತೂಕದ ಅತಿ ಸಣ್ಣ ಪಾಲು. ಆದರೆ ಅದೇ ಗಾಲಿಮನೆಯನ್ನು ಇಳಿಜಾರಿನಲ್ಲಿ ತಡೆಯುವವರು ಯಾರು? ಅದರ ಮುಂತುದಿಯ ಭಾರವನ್ನು ಹೊರುವವರು ಯಾರು? ಎಳೆಯುವುದು ಬೇರೆ, ಹೊರುವುದು ಬೇರೆ ಎಂಬ ಈ ಸರಳ ಭೇದವನ್ನು ಅಮೆರಿಕದ ಪಿಕಪ್ ಲಾರಿಗಳ ಮೇಲೆ ಸ್ಪಷ್ಟವಾಗಿ ಬರೆದು ಅಂಟಿಸಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಮಾತುಕತೆಯ ಕಾರ್ಯಕ್ರಮದ ಅವಧಿಯಲ್ಲಿ ಹೇಳಲಾಗದೆ ಉಳಿದ ಆ ಕಥೆಯನ್ನು ಇಲ್ಲಿ ಹೇಳುತ್ತೇನೆ.

ಮೊದಲು ನಮ್ಮ ಎತ್ತಿನಗಾಡಿಯನ್ನು ನೆನಪಿಸಿಕೊಳ್ಳಿ. ಗಾಡಿಗೆ ಹುಲ್ಲು ಹೇರುವ ರೈತ ಮೂಕಿಯನ್ನು ಎತ್ತಿ, ಇಳಿಸಿ ನೋಡುತ್ತಾನೆ. ಹೊರೆ ಹಿಂದಕ್ಕೆ ಹೆಚ್ಚಾದರೆ ನೊಗ ಮೇಲೆದ್ದು ಎತ್ತುಗಳ ಕುತ್ತಿಗೆಯ ಹಗ್ಗ ಬಿಗಿಯುತ್ತದೆ. ಮುಂದಕ್ಕೆ ಹೆಚ್ಚಾದರೆ ಹೆಗಲ ಮೇಲೆ ಭಾರ ಕೂರುತ್ತದೆ. ತಕ್ಕಮಟ್ಟಿಗೆ ಮುಂಭಾರವಿದ್ದರೆ ಗಾಡಿ ಸರಾಗವಾಗಿ ಹೋಗುತ್ತದೆ. ಟ್ರಾವೆಲ್ ಟ್ರೈಲರ್ ಎಂದು ಕರೆಯುವ, ಎಂಜಿನ್ ಇಲ್ಲದ, ಮಂಚ, ಒಲೆ, ಬಚ್ಚಲುಗಳಿರುವ ಗಾಲಿಮನೆಗೂ ಇದೇ ನಿಯಮ. ಅದರ ಒಟ್ಟು ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಭಾರ ಮುಂತುದಿಯ ಮೂಲಕ ಎಳೆಯುವ ವಾಹನದ ಹಿಂಬದಿಯ ಮೇಲೆ ಕೂರಬೇಕು. ಇದಕ್ಕಿಂತ ಕಡಿಮೆಯಾದರೆ ವೇಗ ಹೆಚ್ಚಿದಂತೆ ಟ್ರೈಲರ್ ಹಾವಿನ ಬಾಲದಂತೆ ಅತ್ತಿತ್ತ ಹೊಯ್ದಾಡತೊಡಗುತ್ತದೆ, ಒಮ್ಮೊಮ್ಮೆ ಮುಂದಿನ ವಾಹನವನ್ನೂ ಸೇರಿಸಿ ಉರುಳಿಸುತ್ತದೆ. ಆದ್ದರಿಂದ ಈ ಭಾರವನ್ನು ತಪ್ಪಿಸುವಂತಿಲ್ಲ. ಎತ್ತಿನ ಹೆಗಲಿನಂತೆ ಪಿಕಪ್ಪಿನ ಹಿಂದಿನ ಅಚ್ಚು, ಸ್ಪ್ರಿಂಗು, ಟೈರುಗಳು ಅದನ್ನು ಹೊರಲೇಬೇಕು.

ಪಿಕಪ್ ಹುಟ್ಟಿದ್ದು ಹೊರುವುದಕ್ಕಾಗಿಯೇ. 1917ರಲ್ಲಿ ಫೋರ್ಡ್ ಕಂಪನಿ ಒಂದು ಟನ್ ಹೊರುವ ಟಿಟಿ ಎಂಬ ಚಾಸಿಯನ್ನು ತಂದಿತು. 1925ರಲ್ಲಿ ತನ್ನ ಪ್ರಸಿದ್ಧ ಮಾಡೆಲ್ ಟಿ ಕಾರಿಗೇ ಹಿಂದೆ ತೆರೆದ ತೊಟ್ಟಿಯನ್ನು ಕೂರಿಸಿ 281 ಡಾಲರಿಗೆ ಮಾರಿತು. ರೈತರು, ಬಡಗಿಗಳು ಕೊಂಡರು. 1948ರ ಎಫ್ ಶ್ರೇಣಿಯಲ್ಲಿ ಎಫ್-1 ಎಂದರೆ ಅರ್ಧ ಟನ್ನಿನದು. ಅಮೆರಿಕದ ಟನ್ನು ನಮ್ಮದಕ್ಕಿಂತ ಚಿಕ್ಕದು, 907 ಕಿಲೋ. ಅಂದರೆ ತೊಟ್ಟಿಯಲ್ಲಿ ಸುಮಾರು 450 ಕಿಲೋ ಹೇರಬಹುದು ಎಂದು ಹೆಸರೇ ಹೇಳುತ್ತಿತ್ತು. ಮುಂದೆ ಲಾರಿಗಳು ಬಲವಾದವು, ಅಳತೆ ಬದಲಾಯಿತು, ಹೆಸರು ಮಾತ್ರ ಹಾಗೇ ಉಳಿಯಿತು. ಇಂದಿನ ‘ಅರ್ಧ ಟನ್’ ಪಿಕಪ್ಪುಗಳು ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಹೆಚ್ಚು ಹೊರುತ್ತವೆ. ಎಷ್ಟು ಹೆಚ್ಚು ಎಂಬುದನ್ನು ಮಾತ್ರ ಹೆಸರು ಹೇಳುವುದಿಲ್ಲ.

ಆ ಕಾಲದಲ್ಲಿ ಗಾಲಿಮನೆಗಳನ್ನು ಎಳೆಯುತ್ತಿದ್ದುದು ಹೆಚ್ಚಾಗಿ ದೊಡ್ಡ ಕಾರುಗಳು. ಏರ್‌ಸ್ಟ್ರೀಮ್ ಸ್ಥಾಪಕ ವಾಲಿ ಬೈಯಮ್ 1936ರಲ್ಲಿ ವಿಮಾನದ ಮೈಯಂತೆ ಅಲ್ಯೂಮಿನಿಯಂ ಹಾಳೆಗಳನ್ನು ರಿವೆಟ್ ಹೊಡೆದು ‘ಕ್ಲಿಪ್ಪರ್’ ತಯಾರಿಸಿದ. ಭಾರ ಇಳಿಸುವುದೇ ಅವನ ಜಾಣತನ. 1959ರಲ್ಲಿ ಅವನ ಮುಂದಾಳತ್ವದಲ್ಲಿ 41 ಗಾಲಿಮನೆಗಳ ತಂಡವೊಂದು ಕೇಪ್‌ಟೌನಿನಿಂದ ಹೊರಟು, ಆಫ್ರಿಕಾವನ್ನು ಉದ್ದಕ್ಕೂ ದಾಟಿ ಕೈರೋ ಸೇರಿತು.

ಭಾರದ ಬಗೆಗಿನ ಜನರ ಅಜಾಗ್ರತೆಯನ್ನು ನಗುತ್ತಲೇ ತೋರಿಸಿದ್ದು 1954ರ ‘ದಿ ಲಾಂಗ್, ಲಾಂಗ್ ಟ್ರೈಲರ್’ ಎಂಬ ಹಾಲಿವುಡ್ ಚಿತ್ರ. ಹೊಸದಾಗಿ ಮದುವೆಯಾದ ಜೋಡಿ ಕಾರಿಗೆ ಭಾರಿ ಗಾಲಿಮನೆ ಕಟ್ಟಿಕೊಂಡು ಹೊರಡುತ್ತದೆ. ಹೆಂಡತಿಗೆ ಹೋದಲ್ಲೆಲ್ಲ ನೆನಪಿಗೊಂದು ಕಲ್ಲು ಆರಿಸುವ ಹುಚ್ಚು. ಬೆಟ್ಟದ ರಸ್ತೆ ಹತ್ತುವ ಮೊದಲು ಎಲ್ಲವನ್ನೂ ಎಸೆಯೆಂದು ಗಂಡ ಹೇಳುತ್ತಾನೆ. ಅವಳು ಬಚ್ಚಿಡುತ್ತಾಳೆ. ಪ್ರಪಾತದ ಅಂಚಿನಲ್ಲಿ ಕಲ್ಲುಗಳು ಉರುಳಾಡುವಾಗ ಪ್ರೇಕ್ಷಕರು ನಗುತ್ತಾರೆ. ಭೌತಶಾಸ್ತ್ರ ಓದಿದ ನನ್ನಂಥವನಿಗೆ ಆ ದೃಶ್ಯದಲ್ಲಿ ಪೂರ್ತಿ ನಗು ಬರುವುದಿಲ್ಲ.

1973ರ ತೈಲ ಬಿಕ್ಕಟ್ಟು ಎಲ್ಲವನ್ನೂ ಬದಲಿಸಿತು. 1975ರಲ್ಲಿ ಇಂಧನ ಮಿತವ್ಯಯದ ಕಾನೂನು ಬಂತು. ಕಾರುಗಳು ಚಿಕ್ಕವಾದವು, ಹಗುರವಾದವು. ಲಾರಿಗಳಿಗೆ ನಿಯಮ ಸಡಿಲವಾಗಿತ್ತು. ಅದೇ ವರ್ಷ ಫೋರ್ಡ್ ಹೊರತಂದ ಎಫ್-150ರ ಒಟ್ಟು ತೂಕದ ಮಿತಿಯನ್ನು 6,000 ಪೌಂಡುಗಳಿಗಿಂತ ತುಸು ಮೇಲಿರಿಸಲಾಗಿತ್ತು. ಅದಕ್ಕಿಂತ ಕೆಳಗಿನ ವಾಹನಗಳಿಗೆ ಹೊಗೆ ನಿಯಂತ್ರಣದ ನಿಯಮ ಬಿಗಿಯಾಗಿತ್ತು. ಗಾಲಿಮನೆ ಎಳೆಯುವ ಕೆಲಸ ಕಾರುಗಳ ಕೈತಪ್ಪಿ ಪಿಕಪ್ಪಿಗೆ ಬಂತು. ಕೆಲಸದ ಗಾಡಿ ಸಂಸಾರದ ಗಾಡಿಯೂ ಆಯಿತು. ಎರಡು ಸಾಲು ಸೀಟು, ನಾಲ್ಕು ಬಾಗಿಲು, ಹವಾನಿಯಂತ್ರಣ ಎಲ್ಲವೂ ಸೇರಿದವು. ಇಲ್ಲೊಂದು ಸೂಕ್ಷ್ಮವಿದೆ: ಹೀಗೆ ಸೇರಿದ ಪ್ರತಿ ಕಿಲೋವೂ ಹೊರೆಯ ಲೆಕ್ಕದಿಂದ ಕಳೆಯುತ್ತದೆ.

‘ಪೇಲೋಡ್’ ಎಂಬ ಮಾತನ್ನು ಶ್ರೀಹರಿಕೋಟಾದ ರಾಕೆಟ್ ಉಡಾವಣೆಗಳ ಸುದ್ದಿಯಲ್ಲಿ ನೀವು ಕೇಳಿದ್ದೀರಿ. ವಾಹನದಲ್ಲೂ ಅರ್ಥ ಹತ್ತಿರದ್ದೇ. ತುಂಬಿದ ವಾಹನಕ್ಕೆ ತಯಾರಕರು ನಿಗದಿಪಡಿಸಿದ ಗರಿಷ್ಠ ತೂಕದಿಂದ ಖಾಲಿ ವಾಹನದ ತೂಕ ಕಳೆದರೆ ಉಳಿಯುವುದೇ ಪೇಲೋಡ್. ಚಾಲಕ, ಮಕ್ಕಳು, ನಾಯಿ, ಪೆಟ್ಟಿಗೆಗಳು, ಟ್ರೈಲರಿನ ಮುಂಭಾರ ಎಲ್ಲವೂ ಇದರಲ್ಲೇ ಸೇರಬೇಕು. ಆದರೆ ಜಾಹೀರಾತುಗಳಲ್ಲಿ ಮೆರೆದದ್ದು ಎಳೆಯುವ ಅಂಕಿ. ಅದನ್ನು ಅಳೆಯುವ ಸಮಾನ ವಿಧಾನವಿರಲಿಲ್ಲ. ಪ್ರತಿ ಕಂಪನಿಗೂ ತನ್ನದೇ ಲೆಕ್ಕ.

ಹೊರುವ ಅಂಕಿ ಕಣ್ಣಿಗೆ ಬೀಳುವಂತಾದದ್ದು ಒಂದು ದುರಂತದ ನಂತರ. 2000ದ ಆಗಸ್ಟ್‌ನಲ್ಲಿ, ಮುಖ್ಯವಾಗಿ ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳಿಗೆ ಹಾಕುತ್ತಿದ್ದ ಫೈರ್‌ಸ್ಟೋನ್ ಟೈರುಗಳ ಮೇಲ್ಪದರ ಕಿತ್ತುಹೋಗಿ ವಾಹನಗಳು ಉರುಳಿದ ಪ್ರಕರಣಗಳಿಂದಾಗಿ, ಲಕ್ಷಗಟ್ಟಲೆ ಟೈರುಗಳನ್ನು ಹಿಂದಕ್ಕೆ ಪಡೆಯಲಾಯಿತು. ಸತ್ತವರು ಇನ್ನೂರಕ್ಕೂ ಹೆಚ್ಚು. ಟೈರಿನ ದೋಷ, ಕಡಿಮೆ ಗಾಳಿ, ಹೊರೆ, ಬಿಸಿ ಎಲ್ಲವೂ ಚರ್ಚೆಗೆ ಬಂದವು. ಅದೇ ನವೆಂಬರ್‌ನಲ್ಲಿ ಅಮೆರಿಕದ ಸಂಸತ್ತಿನ ಹೊಸ ಕಾನೂನು ಜಾರಿಗೆ ಬಂತು. ಅದರ ಫಲವಾಗಿ ಚಾಲಕನ ಬಾಗಿಲ ಚೌಕಟ್ಟಿನ ಬಳಿ ಒಂದು ಪಟ್ಟಿ ಕಡ್ಡಾಯವಾಯಿತು: ಜನ ಮತ್ತು ಸರಕು ಸೇರಿ ಇಷ್ಟು ಕಿಲೋ ಮೀರಬಾರದು. ಒಂದೇ ಮಾದರಿಯ ಎರಡು ಪಿಕಪ್ಪುಗಳಲ್ಲೂ, ಒಂದಕ್ಕೆ ಐಷಾರಾಮಿ ಸೀಟುಗಳಿದ್ದರೆ, ಈ ಅಂಕಿ ಬೇರೆ ಬೇರೆ ಇರಬಹುದು.

ಎಳೆಯುವ ಅಂಕಿಗೆ ಶಿಸ್ತು ಬಂದದ್ದು ಇನ್ನೂ ತಡವಾಗಿ. 2008ರಲ್ಲಿ ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ, ಜೆ2807 ಎಂಬ ಪರೀಕ್ಷಾ ವಿಧಾನ ಪ್ರಕಟಿಸಿತು. ಅರಿಜೋನಾದ ಡೇವಿಸ್ ಅಣೆಕಟ್ಟಿನ ಬಳಿಯ ಉದ್ದನೆಯ ಏರನ್ನು ಮಾದರಿಯಾಗಿಟ್ಟು, ಬಿಸಿಲಿನಲ್ಲಿ, ಹವಾನಿಯಂತ್ರಣ ಯಂತ್ರ ಓಡುತ್ತಿರುವಾಗ ಟ್ರೈಲರ್ ಎಳೆದು ವೇಗ ಉಳಿಸಿಕೊಳ್ಳಬೇಕು. ಟೊಯೊಟಾ ಮೊದಲು ಒಪ್ಪಿಕೊಂಡಿತು. ಅದರ ಟಂಡ್ರಾ ಪಿಕಪ್ಪಿನ ಅಂಕಿ ಹಿಂದಿನದಕ್ಕಿಂತ ಇಳಿಯಿತು. ಅಮೆರಿಕದ ಮೂರು ದೊಡ್ಡ ಕಂಪನಿಗಳು ಬಂದದ್ದು 2015ರ ಮಾದರಿಗಳ ಹೊತ್ತಿಗೆ. ಈ ಪರೀಕ್ಷೆಯಲ್ಲೂ ಲಾರಿಯಲ್ಲಿ ಇಬ್ಬರೇ, ತಲಾ 68 ಕಿಲೋ ತೂಕದವರು. ನಿಜವಾದ ಸಂಸಾರಕ್ಕೆ ಇದು ಸಾಲದು.

ಒಂದು ಕಾಗದ ತೆಗೆದುಕೊಂಡು ಈ ಕಾಲ್ಪನಿಕ ಲೆಕ್ಕ ಮಾಡಿ. ಪಿಕಪ್ 4,500 ಕಿಲೋ ಎಳೆಯುತ್ತದೆಂದು ಜಾಹೀರಾತು ಹೇಳುತ್ತದೆ. ಬಾಗಿಲ ಪಟ್ಟಿಯ ಮಿತಿ 680 ಕಿಲೋ. ನೀರು, ಅಡಿಗೆ ಅನಿಲ, ಪಾತ್ರೆ ತುಂಬಿದ ಗಾಲಿಮನೆ 3,000 ಕಿಲೋ. ಎಳೆಯಲು ಬೇಕಾದಷ್ಟು ಬಲ ಇದ್ದಂತಾಯಿತು. ಈಗ ಶೇಕಡಾ 13ರ ಮುಂಭಾರ ಹಿಡಿದರೆ 390 ಕಿಲೋ. ಉಳಿದದ್ದು 290. ತಲಾ 70 ಕಿಲೋದ ನಾಲ್ವರು ಕೂತರೆ 280. ಉಳಿದ ಹತ್ತು ಕಿಲೋದಲ್ಲಿ ಟ್ರೈಲರ್ ಜೋಡಿಸುವ ಕಬ್ಬಿಣದ ಕೊಂಡಿಯೇ ಹಿಡಿಸದು. ಎಂಜಿನ್ ಇನ್ನೂ 1,500 ಕಿಲೋ ಎಳೆಯಲು ಸಿದ್ಧವಿದೆ, ಟೈರುಗಳು ಮಾತ್ರ ಮಿತಿ ಮುಟ್ಟಿಯಾಗಿದೆ.

ಭಾರವನ್ನು ಹಂಚುವ ವಿಶೇಷ ಕೊಂಡಿಗಳಿವೆ. ಅವು ಉಕ್ಕಿನ ಸರಳುಗಳ ಮೂಲಕ ಹಿಂದಿನ ಅಚ್ಚಿನ ಭಾರದಲ್ಲಿ ಸ್ವಲ್ಪವನ್ನು ಮುಂದಿನ ಅಚ್ಚಿಗೂ ಟ್ರೈಲರಿನ ಗಾಲಿಗಳಿಗೂ ದಾಟಿಸುತ್ತವೆ. ಚಾಲನೆ ಹಿಡಿತಕ್ಕೆ ಬರುತ್ತದೆ. ಹಾಗೆಂದು ಬಾಗಿಲ ಪಟ್ಟಿಯ ಅಂಕಿ ಬೆಳೆಯುವುದಿಲ್ಲ.

ಅನುಭವಿಗಳು ಪ್ರವಾಸಕ್ಕೆ ಮುನ್ನ ಹೆದ್ದಾರಿಯ ಲಾರಿ ತಂಗುದಾಣದಲ್ಲಿರುವ ತೂಕದ ಸೇತುವೆಗೆ ಹೋಗುತ್ತಾರೆ. ಎಲ್ಲರೂ ಕುಳಿತು, ಎಲ್ಲವನ್ನೂ ತುಂಬಿಕೊಂಡು ಒಮ್ಮೆ ಪಿಕಪ್ಪನ್ನಷ್ಟೇ ತೂಗುತ್ತಾರೆ. ಮತ್ತೆ ಗಾಲಿಮನೆಯನ್ನು ಜೋಡಿಸಿ, ಅದರ ಗಾಲಿಗಳು ಬೇರೆ ಹಲಗೆಯ ಮೇಲೆ ಬರುವಂತೆ ನಿಲ್ಲಿಸಿ ತೂಗುತ್ತಾರೆ. ಎರಡನೆಯ ಸಲ ಪಿಕಪ್ಪಿನ ಎರಡು ಅಚ್ಚುಗಳ ಮೇಲೆ ಹೆಚ್ಚಾದ ತೂಕವೆಷ್ಟೋ, ಅಷ್ಟೇ ಗಾಲಿಮನೆ ಅದರ ಹೆಗಲ ಮೇಲೆ ಹಾಕಿರುವ ಭಾರ.